ಕೋಲಾರಕ್ಕೆ ಖಾಸಗಿ ಎಫ್‌ಎಂ ಬಂದರೆ ಅದರಲ್ಲಿ ಕೋಲಾರ ಎಷ್ಟು ಹೊತ್ತು?

(ಇದು ಹಲವರು ಬರೆದು ನಡೆಸಿದ ಚರ್ಚೆ. ಪ್ರತಿ ಮಾತಿನ ಮೇಲೆ ಇರುವುದು ಬರೆದವರ ಅಡ್ಡಹೆಸರು.)

ಡೂಂಲೈಟ್ ವೃತ್ತ:

ಬೆಂಗಳೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ಕೋಲಾರದವರಿಗೆಲ್ಲ ಒಂದು ವಿದ್ಯೆ ತಾನಾಗಿ ಬಂದಿರುತ್ತದೆ. ಸಿಲ್ಕ್ ಬೋರ್ಡ್, ಹೆಬ್ಬಾಳ, ಟಿನ್ ಫ್ಯಾಕ್ಟರಿ ಬಳಿ ಯಾವ ಹೊತ್ತಿಗೆ ವಾಹನಗಳು ಎಲ್ಲಿಯವರೆಗೆ ನಿಂತಿರುತ್ತವೆ ಎಂಬುದು ಬಾಯಿಪಾಠ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಎಫ್‌ಎಂ ಕೇಳಿದ ಫಲ. ಸಂಜೆ ಊರಿಗೆ ಮರಳುವಾಗ ಹೊಸಕೋಟೆ ದಾಟಿ ನರಸಾಪುರ ಹತ್ತಿರವಾಗುತ್ತಿದ್ದಂತೆ ಆರ್‌ಜೆಯ ನಗುವಿನ ನಡುವೆ ಕರಕರ ಶುರುವಾಗುತ್ತದೆ. ಕೆಲವು ದಿನ ನಗು ಗೆಲ್ಲುತ್ತದೆ, ಕೆಲವು ದಿನ ಕರಕರ. ಇಷ್ಟು ವರ್ಷಗಳಲ್ಲಿ ನಮ್ಮ ಕೋಲಾರದ ಡೂಂಲೈಟ್ ವೃತ್ತದ ಹೆಸರು ಮಾತ್ರ ಒಮ್ಮೆಯೂ ಕೇಳಿಬಂದಿಲ್ಲ. ಅದು ಅವರ ತಪ್ಪೆಂದು ಹೇಳುತ್ತಿಲ್ಲ. ಅವರ ಪರವಾನಗಿ ಬೆಂಗಳೂರಿನದು, ಬೆಂಗಳೂರಿನ ಮಾತು ಆಡುತ್ತಾರೆ.

ಆದರೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತಲ್ಲ, ಆ ಪಟ್ಟಿಯಲ್ಲಿ ಕೋಲಾರ ಇದೆ, ತುಮಕೂರೂ ಇದೆ. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮಗಳು ಬರಲಿ ಎಂಬುದೇ ಉದ್ದೇಶವೆಂದು ಆಗ ಹೇಳಿದ್ದರು. ಹಾಗಾದರೆ ನಮ್ಮ ಊರಿನ ಹೆಸರಿನ ತರಂಗಾಂತರವನ್ನು ಕೊಂಡವರು ನಮ್ಮ ಊರಿನ ಮಾತನ್ನು ಎಷ್ಟು ಹೊತ್ತು ಆಡಲೇಬೇಕು?

ನಾನು ಓದಿಕೊಂಡ ಮಟ್ಟಿಗೆ ಉತ್ತರ ಹೀಗಿದೆ. ಖಾಸಗಿ ಎಫ್‌ಎಂಗಳಿಗೆ ಕೇಂದ್ರ ಸರ್ಕಾರ ಹಂತಹಂತವಾಗಿ ಪರವಾನಗಿ ಕೊಡುತ್ತಾ ಬಂದಿದೆ. 2011ರ ಮೂರನೆಯ ಹಂತದ ನೀತಿ ಬರುವ ಮೊದಲು ಒಂದೇ ಕಂಪನಿಯ ನಿಲಯಗಳು ಒಂದೇ ಕಾರ್ಯಕ್ರಮವನ್ನು ಹಂಚಿಕೊಳ್ಳುವುದಕ್ಕೆ ಕಡಿವಾಣವಿತ್ತು. ಒಂದು ವಲಯದ ಸಣ್ಣ ಊರುಗಳ ನಡುವೆ ಮಾತ್ರ ಅವಕಾಶ. 2011ರಲ್ಲಿ ಆ ಕಡಿವಾಣ ಸಡಿಲವಾಯಿತು. ಈಗ ದೇಶದ ಯಾವ ಮೂಲೆಯಿಂದಲಾದರೂ ತಮ್ಮ ಜಾಲದ ಯಾವ ನಿಲಯಕ್ಕಾದರೂ ಕಾರ್ಯಕ್ರಮ ಕಳಿಸಬಹುದು. ಅದಕ್ಕೆ ಪ್ರತಿಯಾಗಿ ಹಾಕಿದ ಷರತ್ತು, ದಿನದ ಪ್ರಸಾರದ ಶೇಕಡ 20ರಷ್ಟಾದರೂ ಆ ನಗರದ ಸ್ಥಳೀಯ ಭಾಷೆಯಲ್ಲಿರಬೇಕು, ಸ್ಥಳೀಯ ವಿಷಯಕ್ಕೆ ಒತ್ತು ಕೊಡಬೇಕು ಎಂಬುದು. ಇಪ್ಪತ್ನಾಲ್ಕು ಗಂಟೆಗೆ ಲೆಕ್ಕ ಹಾಕಿದರೆ 4 ಗಂಟೆ 48 ನಿಮಿಷ.

ಈಗ ನೀವೇ ಹೇಳಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತವರು ಕೋಲಾರದ ಟ್ರಾನ್ಸ್‌ಮಿಟರ್‌ಗೆ ಕನ್ನಡ ಚಿತ್ರಗೀತೆಗಳನ್ನು ಹರಿಸಿದರೆ 4 ಗಂಟೆ 48 ನಿಮಿಷವೇನು, ದಿನಪೂರ್ತಿ ಸ್ಥಳೀಯ ಭಾಷೆಯೇ. ಕಾಗದದ ಮೇಲೆ ನಿಯಮ ನೂರಕ್ಕೆ ನೂರು ಪಾಲನೆಯಾಗುತ್ತದೆ. ಡೂಂಲೈಟ್ ವೃತ್ತ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಮಂಡಿ ಲೆಕ್ಕ:

ಹೊತ್ತಿಗೆ ಸರಿಯಾಗಿ ಎತ್ತಿದಿರಿ ಅಣ್ಣ. ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ನಮಗೆ ಬೇಕಾಗಿರುವುದು ದಿನಕ್ಕೆ ಐದು ಗಂಟೆಯಲ್ಲ, ಬರೀ ಐದು ನಿಮಿಷ. ಹರಾಜು ಶುರುವಾಗಿ ಮುಕ್ಕಾಲು ಗಂಟೆಯಲ್ಲಿ 15 ಕಿಲೋ ಬಾಕ್ಸ್ ಎಷ್ಟಕ್ಕೆ ನಿಂತಿತು ಎಂದು ಹೇಳಿದರೆ ಮುಳಬಾಗಿಲಿನ ಕಡೆಯ ರೈತ ಇವತ್ತು ಕಾಯಿ ಕೀಳಬೇಕೇ, ಎರಡು ದಿನ ತಡೆಯಬೇಕೇ ಎಂದು ತೀರ್ಮಾನಿಸುತ್ತಾನೆ. ಈಗ ಅವನು ದಲ್ಲಾಳಿಗೆ ಫೋನ್ ಮಾಡಿ ಕೇಳುತ್ತಾನೆ. ಮಾಲು ಬೇಕಾದವನು ಹೇಳುವ ದರ ಎಷ್ಟು ನಿಜವಿರುತ್ತದೆ ಎಂದು ನನ್ನ ಬಾಯಿಂದ ಹೇಳಿಸಬೇಡಿ, ನಾನು ಅಲ್ಲೇ ಕೆಲಸ ಮಾಡುವವನು.

ಫ್ಲೆಕ್ಸ್ ಅಂಗಡಿ:

ಎಲ್ಲರೂ ನಿಯಮದ ಬಗ್ಗೆಯೇ ಮಾತಾಡುತ್ತೀರಿ, ದುಡ್ಡಿನ ಬಗ್ಗೆ ಯಾರಾದರೂ ಹೇಳಿ. ನಾನು ತುಮಕೂರಿನಲ್ಲಿ ಜಾಹೀರಾತು ಹಿಡಿದು ಕೊಡುವ ಕೆಲಸ ಮಾಡುತ್ತೇನೆ. ನಮ್ಮ ಊರಿನ ಬಟ್ಟೆ ಅಂಗಡಿಯವರು ಹಬ್ಬಕ್ಕೆ ಕರಪತ್ರ ಹಂಚುತ್ತಾರೆ, ನಾಲ್ಕು ಫ್ಲೆಕ್ಸ್ ಕಟ್ಟುತ್ತಾರೆ, ಆಟೊಗೆ ಮೈಕ್ ಹಾಕಿಸುತ್ತಾರೆ. ಎಫ್‌ಎಂನಲ್ಲಿ ಹತ್ತು ಸೆಕೆಂಡಿನ ಸ್ಪಾಟ್ ಎಂದರೆ ‘ಅದು ಯಾರಿಗೆ ಕೇಳಿಸುತ್ತದೆ’ ಎಂದು ನನ್ನನ್ನೇ ಕೇಳುತ್ತಾರೆ.

ನಿಲಯ ನಡೆಸುವವನು ಹರಾಜಿನಲ್ಲಿ ಪ್ರವೇಶ ಶುಲ್ಕ ಕಟ್ಟಬೇಕು. ವರ್ಷವರ್ಷ ಒಟ್ಟು ಆದಾಯದ ಶೇಕಡ 4 ಸರ್ಕಾರಕ್ಕೆ. ಹಾಡು ಹಾಕಿದ್ದಕ್ಕೆ ಸಂಗೀತ ಕಂಪನಿಗಳಿಗೆ ಬೇರೆ. ಗೋಪುರದ ಬಾಡಿಗೆ, ಕರೆಂಟು, ಡೀಸೆಲ್. ಇಷ್ಟರ ಮೇಲೆ ‘ಊರಿನಲ್ಲೇ ಹತ್ತು ಜನರನ್ನು ಇಟ್ಟುಕೋ, ಊರಿನ ಮಾತನ್ನೇ ಆಡು’ ಎಂದು ಕುತ್ತಿಗೆ ಹಿಡಿದರೆ ಅವನು ಬರುವುದೇ ಇಲ್ಲ. ಮೊದಲ ಹಂತದಲ್ಲಿ ಆದದ್ದು ನೆನಪಿದೆಯೇ? 1999–2000ರಲ್ಲಿ ಪೈಪೋಟಿಗೆ ಬಿದ್ದು ಹರಾಜು ಕೂಗಿದರು. ಪರವಾನಗಿ ಶುಲ್ಕ ವರ್ಷಕ್ಕೆ ಶೇಕಡ 15ರಂತೆ ಏರುವ ಷರತ್ತು. ಗೆದ್ದವರಲ್ಲಿ ಎಷ್ಟೋ ಜನ ನಿಲಯವನ್ನೇ ತೆರೆಯಲಿಲ್ಲ. ಕೊನೆಗೆ 2005ರಲ್ಲಿ ಸರ್ಕಾರವೇ ಆ ಪದ್ಧತಿ ಬಿಟ್ಟು ಆದಾಯದಲ್ಲಿ ಪಾಲು ಎಂದು ಬದಲಿಸಿತು. ಹೊರೆ ಹೆಚ್ಚಾದರೆ ಎತ್ತು ಮಲಗುತ್ತದೆ.

ಡೂಂಲೈಟ್ ವೃತ್ತ:

ಹತ್ತು ಜನ ಎಂದು ನಾನು ಎಲ್ಲಿ ಹೇಳಿದೆ?

ಹಳೆಯ ಮರ್ಫಿ:

ಫ್ಲೆಕ್ಸ್ ಅಂಗಡಿಯವರ ಮಾತಿನಲ್ಲಿ ಸತ್ಯವಿದೆ, ಆದರೆ ತಲೆಕೆಳಗಾದ ಸತ್ಯ. ನನ್ನದು ತುಮಕೂರಿನ ಕ್ಯಾತ್ಸಂದ್ರ, ವಯಸ್ಸು ಎಪ್ಪತ್ತಮೂರು. ಹೆಸರಿಗೆ ತಕ್ಕಂತೆ ಮರ್ಫಿ ರೇಡಿಯೋ ಪೆಟ್ಟಿಗೆ ಇನ್ನೂ ಮನೆಯಲ್ಲಿದೆ. ಹಾಡುವುದಿಲ್ಲ, ಅದರ ಮೇಲೆ ಹೆಂಡತಿ ಹೂಕುಂಡ ಇಟ್ಟಿದ್ದಾಳೆ.

ಗಾಳಿಯಲ್ಲಿನ ತರಂಗ ಯಾರ ಅಪ್ಪನ ಮನೆಯ ಆಸ್ತಿಯೂ ಅಲ್ಲ. 1995ರ ಫೆಬ್ರುವರಿ 9ರಂದು ಸುಪ್ರೀಂ ಕೋರ್ಟ್ ಅದನ್ನು ಸಾರ್ವಜನಿಕ ಸೊತ್ತು ಎಂದು ಹೇಳಿಯಾಗಿದೆ. ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣ ಅದು. ಸಾರ್ವಜನಿಕರ ಸೊತ್ತನ್ನು ಗುತ್ತಿಗೆಗೆ ಹಿಡಿದವನು ಸಾರ್ವಜನಿಕರಿಗೆ ಏನು ಕೊಡುತ್ತಾನೆ ಎಂದು ಕೇಳುವುದು ಹೊರೆಯಲ್ಲ, ಬಾಡಿಗೆ. ಕೆರೆ ಅಂಗಳವನ್ನು ಮೀನಿಗೆ ಹರಾಜು ಹಾಕಿದರೂ ದನಕ್ಕೆ ನೀರು ಕುಡಿಸುವ ದಾರಿ ಬಿಟ್ಟುಕೊಡಬೇಕು ಎಂದು ಹಳ್ಳಿಯವರು ಕೇಳುವುದಿಲ್ಲವೇ?

ನಮ್ಮ ನಾಡಿನಲ್ಲಿ ಬಾನುಲಿ ಹುಟ್ಟಿದ್ದೇ ಊರಿನ ಮನೆಯಲ್ಲಿ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯಿಂದ ಹೊರಟು ದೇಶಕ್ಕೆಲ್ಲ ಹಬ್ಬಿತು. ಕೇಂದ್ರ ಸ್ಥಾನದಿಂದ ಊರಿಗೆ ಬಂದ ಹೆಸರಲ್ಲ ಅದು, ಊರಿನಿಂದ ಅಲ್ಲಿಗೆ ಹೋದದ್ದು.

ಕ್ಯೂಶೀಟ್:

ಇಷ್ಟು ಹೊತ್ತು ಓದುತ್ತಾ ಸುಮ್ಮನಿದ್ದೆ. ನಾನು ತುಮಕೂರಿನವಳು, ಬೆಂಗಳೂರಿನ ಒಂದು ಖಾಸಗಿ ನಿಲಯದಲ್ಲಿ ಆರು ವರ್ಷ ಇದ್ದೆ. ಹೆಸರು ಬೇಡ. ಒಳಗೆ ಏನು ನಡೆಯುತ್ತದೆ ಎಂದು ಹೇಳಿದರೆ ಈ ಚರ್ಚೆಗೆ ಉಪಯೋಗವಾಗಬಹುದು.

ನೀವು ರೇಡಿಯೋದಲ್ಲಿ ಮೂರು ಗಂಟೆ ಕೇಳುವ ಆರ್‌ಜೆ ನಿಜಕ್ಕೂ ಮೂರು ಗಂಟೆ ಮಾತಾಡುವುದಿಲ್ಲ. ಎರಡು ಹಾಡುಗಳ ನಡುವಿನ ಮಾತಿಗೆ ನಾವು ‘ಲಿಂಕ್’ ಎನ್ನುತ್ತೇವೆ. ಗಂಟೆಗೆ ಐದಾರು ಲಿಂಕ್, ಒಂದೊಂದು ಮುಕ್ಕಾಲು ನಿಮಿಷ. ಉಳಿದದ್ದು ಹಾಡು, ಜಿಂಗಲ್, ಸ್ಪಾಟ್. ಯಾವ ಹಾಡಿನ ಹಿಂದೆ ಯಾವುದು ಎಂದು ಕಂಪ್ಯೂಟರ್ ಮೊದಲೇ ಪಟ್ಟಿ ಮಾಡಿರುತ್ತದೆ. ಆದ್ದರಿಂದ ಮೂರು ಗಂಟೆಯ ಕಾರ್ಯಕ್ರಮದ ಮಾತನ್ನೆಲ್ಲ ಇಪ್ಪತ್ತೈದು ನಿಮಿಷದಲ್ಲಿ ಮುದ್ರಿಸಿಟ್ಟು ಮನೆಗೆ ಹೋಗಬಹುದು. ನಾನೂ ಹೋಗಿದ್ದೇನೆ. ದೀಪಾವಳಿಯ ಬೆಳಿಗ್ಗೆ ‘ಎಣ್ಣೆ ಸ್ನಾನ ಆಯಿತೇ’ ಎಂದು ನಿಮ್ಮನ್ನು ಕೇಳಿದ ಧ್ವನಿ ಎರಡು ದಿನ ಹಿಂದಿನದು. ನಾನು ಆ ಹೊತ್ತಿನಲ್ಲಿ ತುಮಕೂರಿನ ಮನೆಯಲ್ಲಿ ಸೀಗೆಕಾಯಿ ಹಚ್ಚಿಕೊಂಡು ನನ್ನದೇ ಧ್ವನಿಯನ್ನು ಕೇಳುತ್ತಿದ್ದೆ. ವಿಚಿತ್ರ ಅನುಭವ ಅದು.

ಹೀಗೆ ಮುದ್ರಿಸುವಾಗ ಊರಿನ ಹೆಸರು ಬದಲಿಸಿ ನಾಲ್ಕು ಸಲ ಹೇಳಿದರೆ ನಾಲ್ಕು ಊರಿನ ಕಾರ್ಯಕ್ರಮ ಸಿದ್ಧ. ‘ಶುಭೋದಯ ಕೋಲಾರ’, ‘ಶುಭೋದಯ ತುಮಕೂರು’, ಮುಂದಿನದೆಲ್ಲ ಒಂದೇ. ಶೇಕಡ 20ರ ಲೆಕ್ಕವನ್ನು ಇದರಿಂದ ತುಂಬಿಸುವುದು ನೀರು ಕುಡಿದಷ್ಟು ಸುಲಭ. ಆದ್ದರಿಂದ ಡೂಂಲೈಟ್ ಸರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ: ಡೂಂಲೈಟ್ ವೃತ್ತದ ಹೆಸರು ಖಂಡಿತ ಬರುತ್ತದೆ. ಅದನ್ನು ಹೇಳುವವಳು ಆ ವೃತ್ತವನ್ನು ನೋಡಿರುವುದಿಲ್ಲ, ಅಷ್ಟೇ.

ಡೂಂಲೈಟ್ ವೃತ್ತ:

ಮೇಡಂ, ಇದು ಇನ್ನೂ ಕೆಟ್ಟದ್ದು. ನಾನು ಮೌನವನ್ನೇ ಇಷ್ಟಪಡುತ್ತೇನೆ.

ಕೈವಾರದ ಕಡೆಯವನು:

ಎಲ್ಲರೂ ಸ್ಥಳೀಯ ಭಾಷೆ, ಸ್ಥಳೀಯ ಭಾಷೆ ಎನ್ನುತ್ತಿದ್ದೀರಿ. ಕೋಲಾರದ ಸ್ಥಳೀಯ ಭಾಷೆ ಯಾವುದು ಎಂದು ಮೊದಲು ತೀರ್ಮಾನಿಸೋಣವೇ? ಜಗಳಕ್ಕೆ ಕೇಳುತ್ತಿಲ್ಲ. ನಮ್ಮ ಮನೆಯಲ್ಲಿ ತೆಲುಗು. ನಾನು ಓದಿದ್ದು ಬರೆದಿದ್ದು ಕನ್ನಡ, ಲೆಕ್ಕ ಮಾಡುವುದೂ ಕನ್ನಡದಲ್ಲಿ, ಬೈಯುವುದು ಮಾತ್ರ ತೆಲುಗಿನಲ್ಲಿ. ಕೆಜಿಎಫ್‌ನಲ್ಲಿ ತಮಿಳು. ಕೋಲಾರ ಪೇಟೆಯಲ್ಲಿ ಉರ್ದು. ಶ್ರೀನಿವಾಸಪುರದ ಮಾವಿನ ಮಂಡಿಗೆ ಬನ್ನಿ, ಒಂದೇ ವಾಕ್ಯದಲ್ಲಿ ಮೂರು ಭಾಷೆ ಓಡಾಡುತ್ತವೆ. ಸಂತಕವಿ ಕೈವಾರದ ತಾತಯ್ಯನವರು ಕನ್ನಡದಲ್ಲೂ ಹಾಡಿದರು, ತೆಲುಗಿನಲ್ಲೂ ಹಾಡಿದರು, ಎರಡೂ ಭಾಷೆಯವರು ಅವರನ್ನು ನಮ್ಮವರೆಂದೇ ತಿಳಿದರು.

ನಿಲಯ ಕನ್ನಡದಲ್ಲೇ ಇರಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಫೋನ್ ಮಾಡಿದ ಅಜ್ಜಿ ತೆಲುಗಿನಲ್ಲಿ ಮಾತಾಡಿದರೆ ಆರ್‌ಜೆ ಫೋನ್ ಇಡಬಾರದು. ಊರಿನವನೇ ಆಗಿದ್ದರೆ ಇಡುವುದಿಲ್ಲ, ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿ ಎತ್ತಿ ಹೇಳುತ್ತಾನೆ. ಬೆಂಗಳೂರಿನಲ್ಲಿ ಕುಳಿತವನಿಗೆ ಅದು ಬರಲಾರದು.

ಕ್ಯೂಶೀಟ್:

ನಾನು ಎರಡು ಪುಟ ಬರೆದು ಹೇಳಲಾಗದ್ದನ್ನು ನೀವು ಅಜ್ಜಿಯ ಫೋನಿನಲ್ಲಿ ಹೇಳಿದಿರಿ ಅಣ್ಣ.

ಗೂಡಿನ ಚೀಲ:

ಚಿಕ್ಕಬಳ್ಳಾಪುರ ಜಿಲ್ಲೆಯವರು ಇಲ್ಲಿ ಇದ್ದೇವೆ, ನಮ್ಮನ್ನು ಯಾರೂ ಕೇಳಲೇ ಇಲ್ಲ. ಹರಾಜಿನ ಪಟ್ಟಿಯಲ್ಲಿ ಚಿಕ್ಕಬಳ್ಳಾಪುರ ಯಾಕಿಲ್ಲ?

ಡೂಂಲೈಟ್ ವೃತ್ತ:

ಮೂರನೆಯ ಹಂತವನ್ನು ಯೋಜಿಸಿದ್ದೇ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಲೆಕ್ಕಕ್ಕೆ ಹಿಡಿದದ್ದು 2001ರ ಜನಗಣತಿ. ಆಗ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಜಿಲ್ಲೆಯಾದದ್ದು 2007ರಲ್ಲಿ. ಶಿಡ್ಲಘಟ್ಟ, ಚಿಂತಾಮಣಿ ಯಾವುದಕ್ಕೂ ಲಕ್ಷ ದಾಟಿರಲಿಲ್ಲ.

ಗೂಡಿನ ಚೀಲ:

ಅಂದರೆ ರೇಷ್ಮೆ ಗೂಡಿಗೆ ತಲೆ ಲೆಕ್ಕವಿಲ್ಲ. ಸರಿ, ಕೋಲಾರದವರ ಬಾನುಲಿ ನಂದಿಬೆಟ್ಟ ಹತ್ತಿ ಇಳಿದರೆ ಕೇಳಿಸಿಕೊಳ್ಳುತ್ತೇವೆ.

ಗೌರಿಬಿದನೂರಿನವಳು:

ನಾನು ಈಗ ಇರುವುದು ಆಸ್ಟ್ರೇಲಿಯಾದಲ್ಲಿ, ಮೆಲ್ಬರ್ನ್ ಬಿಟ್ಟು ಎರಡು ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ. ಇಲ್ಲಿಯೂ ಇದೇ ಜಗಳ ನಡೆದು, ಕಾನೂನಾಗಿ, ಆ ಕಾನೂನಿನ ಮೇಲೆ ಮತ್ತೆ ಜಗಳ ನಡೆದಿದೆ. ಇಲ್ಲಿನ ನಿಯಮ ನಿಮಿಷದ ಲೆಕ್ಕದಲ್ಲಿದೆ. ದೊಡ್ಡ ನಗರಗಳ ಹೊರಗಿನ ವಾಣಿಜ್ಯ ನಿಲಯಗಳು ಕೆಲಸದ ದಿನಗಳಲ್ಲಿ, ಹಗಲಿನ ಹೊತ್ತಿನಲ್ಲಿ, ದಿನಕ್ಕೆ 3 ಗಂಟೆ ‘ಸ್ಥಳೀಯ ಮಹತ್ವದ’ ಕಾರ್ಯಕ್ರಮ ಕೊಡಬೇಕು. ತೀರಾ ಸಣ್ಣ ನಿಲಯಗಳಿಗೆ 30 ನಿಮಿಷ. ಮೊದಲು ಇದು ನಾಲ್ಕೂವರೆ ಗಂಟೆಯಿತ್ತು, ನಿಲಯದವರು ಗೋಳಾಡಿ ಇಳಿಸಿಕೊಂಡರು. ನಿಲಯ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾರಾಟವಾದರೆ ಊರಿನಲ್ಲಿದ್ದ ಸಿಬ್ಬಂದಿ, ಸ್ಟುಡಿಯೋಗಳನ್ನು ಕಿತ್ತುಹಾಕುವಂತಿಲ್ಲ, ವಾರಕ್ಕೆ ಕನಿಷ್ಠ ಐದು ಸ್ಥಳೀಯ ವಾರ್ತೆಗಳನ್ನು ಕೊಡಬೇಕು ಎಂಬ ಷರತ್ತು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ನನಗೆ ಇದು ಬಹಳ ಬುದ್ಧಿವಂತಿಕೆಯ ನಿಯಮವೆನಿಸಿತು. ಸಿಬ್ಬಂದಿಗೆ ಕತ್ತರಿ ಬೀಳುವುದು ಮಾರಾಟವಾದ ಮಾರನೆಯ ದಿನವೇ ಅಲ್ಲವೇ?

ಆದರೆ ತೂತು ಇಲ್ಲಿಯೂ ಇದೆ. ಊರಿನಲ್ಲಿ ತಯಾರಾದದ್ದು, ಊರಿನಿಂದ ನಿರೂಪಿಸಿದ್ದು ಅಥವಾ ಊರಿಗೆ ಸಂಬಂಧಿಸಿದ್ದು, ಈ ಮೂರರಲ್ಲಿ ಯಾವುದಾದರೂ ಒಂದಿದ್ದರೆ ‘ಸ್ಥಳೀಯ’. ಊರಿನ ಸ್ಟುಡಿಯೋದಲ್ಲಿ ಕುಳಿತು ಅಮೆರಿಕದ ಹಾಡುಗಳನ್ನು ಹಾಕಿದರೂ ಲೆಕ್ಕಕ್ಕೆ ಸೇರುತ್ತದೆ.

ಬ್ರಿಟನ್ನಿನವರು ಬೇರೆ ದಾರಿ ಹಿಡಿದರು. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2018ರಲ್ಲಿ ಎಫ್‌ಎಂ ನಿಲಯಗಳ ಹಗಲಿನ ಸ್ಥಳೀಯ ಕಾರ್ಯಕ್ರಮವನ್ನು 7 ಗಂಟೆಯಿಂದ 3 ಗಂಟೆಗೆ ಇಳಿಸಿತು, ಹಗಲಿನಲ್ಲಿ ಗಂಟೆಗೊಮ್ಮೆ ಸ್ಥಳೀಯ ವಾರ್ತೆ ಕೊಡುವುದಾದರೆ ಎಂಬ ಷರತ್ತಿನೊಂದಿಗೆ. ಮುಂದಿನ ವರ್ಷವೇ ಕೆಲವು ದೊಡ್ಡ ಜಾಲಗಳಲ್ಲಿ ಊರೂರಿನ ಬೆಳಗಿನ ಕಾರ್ಯಕ್ರಮಗಳು ನಿಂತು ಲಂಡನ್ನಿನ ಒಂದೇ ಕಾರ್ಯಕ್ರಮ ಬರತೊಡಗಿತು. ಹರಟೆ ಹೋದರೂ ವಾರ್ತೆ ಉಳಿಯಿತು.

ಹಳೆಯ ಮರ್ಫಿ:

ತಂಗಿ, ಬಹಳ ಒಳ್ಳೆಯ ಮಾಹಿತಿ ಕೊಟ್ಟೆ. ಆದರೆ ಆ ಎರಡು ದೇಶಗಳಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಸ್ಥಳೀಯತೆ ಎಂದರೆ ಮೊದಲು ಸ್ಥಳೀಯ ವಾರ್ತೆ. ನಮ್ಮಲ್ಲಿ ಖಾಸಗಿ ಎಫ್‌ಎಂಗಳು ಸ್ವಂತ ವಾರ್ತೆಯನ್ನೇ ಓದುವಂತಿಲ್ಲ! ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ತಿದ್ದದೆ ಪ್ರಸಾರ ಮಾಡಬಹುದು, ಅಷ್ಟೇ. ಪತ್ರಿಕೆಯಲ್ಲಿ ಅಚ್ಚಾದದ್ದು, ಟಿವಿಯಲ್ಲಿ ಕಿರುಚಾಡಿದ್ದು, ಮೊಬೈಲಿನಲ್ಲಿ ಹರಿದಾಡಿದ್ದು ರೇಡಿಯೋಗೆ ಮಾತ್ರ ಮೈಲಿಗೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರ ಸೆಪ್ಟೆಂಬರ್‌ನಲ್ಲಿ ಗಂಟೆಗೆ ಹತ್ತು ನಿಮಿಷದವರೆಗೆ ವಾರ್ತೆಗೆ ಅವಕಾಶ ಕೊಡಿ ಎಂದು ಶಿಫಾರಸು ಮಾಡಿತು. ಶಿಫಾರಸು ನಿಯಮವಲ್ಲ.

ಬಾಯಿಗೆ ಬಟ್ಟೆ ಕಟ್ಟಿ ‘ಊರಿನ ವಿಷಯ ಮಾತಾಡು’ ಎಂದರೆ ಅವನು ಏನು ಮಾತಾಡಿಯಾನು? ಸಿಲ್ಕ್ ಬೋರ್ಡ್ ಟ್ರಾಫಿಕ್ ಮತ್ತು ಹೊಸ ಸಿನಿಮಾ.

ಫ್ಲೆಕ್ಸ್ ಅಂಗಡಿ:

ಇದೇ ನಾನು ಹೇಳಿದ್ದು! ವಾರ್ತೆಗೆ ಅವಕಾಶ ಕೊಡಿ, ನಾನೇ ಪ್ರಾಯೋಜಕರನ್ನು ತರುತ್ತೇನೆ. ‘ಈ ವಾರ್ತೆಯನ್ನು ನಿಮಗೆ ತಲುಪಿಸುತ್ತಿರುವವರು’ ಎಂಬ ಒಂದು ಸಾಲಿಗೆ ತುಮಕೂರಿನ ಅಂಗಡಿಯವರು ಕ್ಯೂ ನಿಲ್ಲುತ್ತಾರೆ.

ಕ್ಯೂಶೀಟ್:

ಮರ್ಫಿ ಅಜ್ಜ, ಅರ್ಧ ಒಪ್ಪುತ್ತೇನೆ. ಬಾಯಿಗೆ ಕಟ್ಟಿದ ಬಟ್ಟೆ ಅಷ್ಟು ಬಿಗಿಯಾಗಿಲ್ಲ. 2011ರ ನೀತಿಯಲ್ಲೇ ‘ಇವು ವಾರ್ತೆಯಲ್ಲ’ ಎಂದು ಕೆಲವನ್ನು ಹೊರಗಿಟ್ಟಿದ್ದಾರೆ. ಸಂಚಾರ, ಹವಾಮಾನ. ಊರಿನ ಮಟ್ಟದ ಆಟೋಟಗಳ ನೇರ ವೀಕ್ಷಕ ವಿವರಣೆ. ಸಾಂಸ್ಕೃತಿಕ ಕಾರ್ಯಕ್ರಮ, ಹಬ್ಬಗಳು. ಪರೀಕ್ಷೆ, ಫಲಿತಾಂಶ, ಕಾಲೇಜು ಪ್ರವೇಶ, ಉದ್ಯೋಗಾವಕಾಶ. ಕರೆಂಟು, ನೀರು, ಪ್ರಕೃತಿ ವಿಕೋಪ, ಆರೋಗ್ಯದ ಎಚ್ಚರಿಕೆಗಳ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಪ್ರಕಟಣೆಗಳು.

ಸಿದ್ಧಗಂಗೆಯ ಜಾತ್ರೆಯ ದನಗಳ ಪರಿಷೆಯಿಂದ ಒಂದು ವಾರ ನೇರಪ್ರಸಾರ ಮಾಡಬಹುದು. ಜೋಡಿ ಹೋರಿಯ ಹಲ್ಲು ನೋಡಿ, ಸುಳಿ ನೋಡಿ ಚೌಕಾಸಿ ಮಾಡುವ ಮಾತನ್ನು ಮೈಕಿನಲ್ಲಿ ಹಿಡಿದರೆ ಯಾವ ಆರ್‌ಜೆಯ ಹಾಸ್ಯವೂ ಅದರ ಮುಂದೆ ನಿಲ್ಲದು. ಇವತ್ತು ಯಾವ ಬಡಾವಣೆಗೆ ನೀರು, ಯಾವ ಫೀಡರ್‌ಗೆ ಮೂರು ಫೇಸ್ ಕರೆಂಟು ರಾತ್ರಿಯೋ ಹಗಲೋ ಎಂದು ಹೇಳಬಹುದು. ಇದಕ್ಕೆಲ್ಲ ಅನುಮತಿ ಆಗಲೇ ಇದೆ. ಮಾಡದಿರುವುದು ಬಟ್ಟೆ ಕಟ್ಟಿದ್ದರಿಂದಲ್ಲ, ಒಬ್ಬ ವರದಿಗಾರನಿಗೆ ಸಂಬಳ ಕೊಡಬೇಕಾಗುತ್ತದೆ ಎಂದು.

ಮಂಡಿ ಅಣ್ಣ, ನಿಮ್ಮ ಟೊಮೆಟೊ ದರ ಮಾತ್ರ ಆ ಪಟ್ಟಿಯಲ್ಲಿ ಹೆಸರಿಸಿ ಬರೆದಿಲ್ಲ. ವಾರ್ತಾ ಮತ್ತು ಪ್ರಸಾರ ಸಚಿವಾಲಯ ಮುಂದೆ ಬೇರೆ ವಿಷಯಗಳನ್ನು ಸೇರಿಸಬಹುದು ಎಂದಿದೆ. ಆಕಾಶವಾಣಿಯ ಕೃಷಿರಂಗದಲ್ಲಿ ಪೇಟೆ ಧಾರಣೆ ಕೇಳಿ ಬೆಳೆದ ನಮಗೆ ಅದು ವಾರ್ತೆಯೋ ಅಲ್ಲವೋ ಎಂಬ ಪ್ರಶ್ನೆಯೇ ತಮಾಷೆಯಾಗಿ ಕಾಣುತ್ತದೆ.

ಮಂಡಿ ಲೆಕ್ಕ:

ಕ್ರಿಕೆಟ್ ಆಟಕ್ಕೆ ಸಾಲು ಇದೆ, ಟೊಮೆಟೊಗೆ ಇಲ್ಲ. ಪಟ್ಟಿ ಬರೆದವರು ಸೊಪ್ಪು ಸಾರು ತಿನ್ನುವುದಿಲ್ಲವೇನೋ.

ಗೂಡಿನ ಚೀಲ:

ಕೊಬ್ಬರಿಗೂ ಇಲ್ಲ, ರೇಷ್ಮೆ ಗೂಡಿಗೂ ಇಲ್ಲ. ಸಮಾಧಾನ ಮಾಡಿಕೊಳ್ಳಿ ಅಣ್ಣ, ನಾವೆಲ್ಲ ಒಂದೇ ದೋಣಿ.

ರೀಲ್ ರಾಯ:

ಕ್ಷಮಿಸಿ, ಈಗಿನ ಕಾಲದಲ್ಲಿ ರೇಡಿಯೋ ಯಾರು ಕೇಳುತ್ತಾರೆ? ಟೊಮೆಟೊ ದರಕ್ಕೆ ವಾಟ್ಸ್‌ಆ್ಯಪ್ ಗುಂಪು ಇದೆ. ಹಾಡಿಗೆ ಯೂಟ್ಯೂಬ್ ಇದೆ. ಸತ್ತ ಕುದುರೆಗೆ ಲಾಳ ಕಟ್ಟುವ ಬಗ್ಗೆ ಇಷ್ಟು ದೊಡ್ಡ ಚರ್ಚೆಯೇ?

ಡೂಂಲೈಟ್ ವೃತ್ತ:

2021ರ ನವೆಂಬರ್ ನೆನಪಿದೆಯೇ ರಾಯರೇ? ಮಳೆ ನಿಲ್ಲಲೇ ಇಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ದಶಕಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಮೊದಲ ದಿನ ಎಲ್ಲರೂ ಕೋಡಿ ನೀರಿನಲ್ಲಿ ಫೋಟೊ ತೆಗೆಸಿಕೊಂಡರು. ಮೂರನೆಯ ದಿನ ನಮ್ಮ ತಂಗಿಯ ಊರಿನ ಕೆರೆಯ ಏರಿ ಒಡೆದಿದೆ ಎಂದು ನೀವು ಹೇಳುವ ಆ ವಾಟ್ಸ್‌ಆ್ಯಪ್ ಗುಂಪಿನಲ್ಲೇ ವಿಡಿಯೊ ಬಂತು. ರಾತ್ರಿ ಹತ್ತೂವರೆ. ಅವಳಿಗೆ ಫೋನ್ ಸಿಗಲಿಲ್ಲ, ಅಲ್ಲಿ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ. ಬೈಕ್ ಹತ್ತಿ ಹೊರಟೆ. ದಾರಿಯಲ್ಲಿ ಎರಡು ಕಡೆ ರಸ್ತೆಯ ಮೇಲೆ ನೀರು. ಹೋಗಿ ನೋಡಿದರೆ ಏರಿ ಗಟ್ಟಿಯಾಗಿತ್ತು, ವಿಡಿಯೊ ಯಾವುದೋ ಊರಿನದು. ತಂಗಿ ಬಾಗಿಲು ತೆರೆದು ‘ಈ ಮಳೆಯಲ್ಲಿ ಯಾಕೆ ಬಂದೆ’ ಎಂದು ನನಗೇ ಬೈದಳು.

ಆ ಹತ್ತೂವರೆಗೆ ಒಬ್ಬನೇ ಒಬ್ಬ ಮನುಷ್ಯ ಮೈಕಿನ ಮುಂದೆ ಕುಳಿತು ‘ತಹಶೀಲ್ದಾರರ ಕಚೇರಿಗೆ ವಿಚಾರಿಸಿದೆ, ಆ ಕೆರೆ ಒಡೆದಿಲ್ಲ’ ಎಂದಿದ್ದರೆ ಸಾಕಿತ್ತು. ನಾಲ್ಕು ಬ್ಯಾಟರಿ ಸೆಲ್ ಹಾಕಿದ ಪೆಟ್ಟಿಗೆಗೆ ಟವರ್ ಬೇಕಿಲ್ಲ, ಡೇಟಾ ಬೇಕಿಲ್ಲ. ಕೇಂದ್ರ ಸರ್ಕಾರವೇ 2023ರಲ್ಲಿ ಮೊಬೈಲ್ ತಯಾರಕರಿಗೆ ಫೋನಿನೊಳಗಿನ ಎಫ್‌ಎಂ ರಿಸೀವರನ್ನು ಮುಚ್ಚಬೇಡಿ ಎಂದು ಸೂಚಿಸಿದ್ದು ಇಂಥ ವಿಪತ್ತಿನ ಕಾರಣವನ್ನು ಹೇಳಿಯೇ.

ರೀಲ್ ರಾಯ:

ಸರಿ ಅಣ್ಣ. ಲಾಳ ಕಟ್ಟಿ.

ಗೌರಿಬಿದನೂರಿನವಳು:

ಡೂಂಲೈಟ್ ಅಣ್ಣ ಹೇಳಿದ್ದಕ್ಕೆ ಜೋಡಿಯಾದ ಒಂದು ಘಟನೆ ಅಮೆರಿಕದಲ್ಲಿ ನಡೆದಿದೆ. ನಾರ್ತ್ ಡಕೋಟಾದ ಮೈನಾಟ್ ಎಂಬ ಊರು, 2002ರ ಜನವರಿ 18ರ ಮಧ್ಯರಾತ್ರಿ ದಾಟಿದ ಹೊತ್ತು. ಸರಕು ರೈಲು ಹಳಿ ತಪ್ಪಿ ಅಮೋನಿಯಾ ಅನಿಲ ಊರಿನ ಮೇಲೆ ಹರಡಿತು. ಊರಿನ ಆರು ವಾಣಿಜ್ಯ ನಿಲಯಗಳು ಒಂದೇ ಕಂಪನಿಯ ಕೈಯಲ್ಲಿದ್ದವು. ಜನರಿಗೆ ಎಚ್ಚರಿಕೆ ಕೊಡಲು ಪೊಲೀಸರು ನಿಲಯಕ್ಕೆ ಫೋನ್ ಮಾಡಿದರೆ ಎತ್ತುವವರು ಸಿಗಲಿಲ್ಲ. ತುರ್ತು ಎಚ್ಚರಿಕೆಯ ಯಂತ್ರವನ್ನು ಸರಿಯಾಗಿ ಬಳಸದ ತಪ್ಪು ಯಾರದು ಎಂದು ಪೊಲೀಸರೂ ಕಂಪನಿಯೂ ಆಮೇಲೆ ಬಹಳ ದಿನ ಕಿತ್ತಾಡಿದರು. ಒಬ್ಬರು ಸತ್ತರು, ನೂರಾರು ಜನ ಅಸ್ವಸ್ಥರಾದರು. ತಪ್ಪು ಯಾರದೇ ಇರಲಿ, ಆ ರಾತ್ರಿ ಜನ ರೇಡಿಯೋ ಹಾಕಿದಾಗ ಅದರಲ್ಲಿ ಹಾಡು ಬರುತ್ತಿತ್ತು.

ಬೂದಿಕೋಟೆ ಬತೇರಿ:

ಕೋಲಾರ ಜಿಲ್ಲೆಯಲ್ಲಿ ಕುಳಿತು ಸ್ಥಳೀಯ ಬಾನುಲಿಯ ಬಗ್ಗೆ ಮಾತಾಡುತ್ತಾ ನಮ್ಮ ಬೂದಿಕೋಟೆಯನ್ನು ಮರೆತಿರಲ್ಲ! ಹೈದರಾಲಿ ಹುಟ್ಟಿದ ಊರು ಎಂದು ಮಾತ್ರ ಶಾಲೆಯಲ್ಲಿ ಓದುತ್ತೀರಿ. ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಊರಿನಲ್ಲಿ ‘ನಮ್ಮ ಧ್ವನಿ’ ಇತ್ತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಶುರುಮಾಡಿದ್ದು. ಸ್ವಸಹಾಯ ಸಂಘದ ಹೆಂಗಸರೇ ಕಾರ್ಯಕ್ರಮ ಮಾಡುತ್ತಿದ್ದರು. ಆದರೆ ಆಗಿನ ಕಾನೂನಿನಲ್ಲಿ ಗಾಳಿಗೆ ಬಿಡುವ ಹಾಗಿರಲಿಲ್ಲ. ಏನು ಮಾಡಿದರು? ಟಿವಿ ಕೇಬಲ್ ತಂತಿಯಲ್ಲಿ ಧ್ವನಿ ಹರಿಸಿದರು. ಮನೆಮನೆಗೆ ತಂತಿಯ ಮೇಲೆ ರೇಡಿಯೋ! ದೇಶದಲ್ಲಿ ಸಮುದಾಯ ಬಾನುಲಿಗೆ, ಅಂದರೆ ಲಾಭದ ಆಸೆಯಿಲ್ಲದೆ ಊರಿನವರಿಗಾಗಿ ನಡೆಸುವ ಸಣ್ಣ ನಿಲಯಕ್ಕೆ, ಸಂಘ ಸಂಸ್ಥೆಗಳಿಗೂ ಅನುಮತಿ ಎಂದು ನಿಯಮ ಬಂದದ್ದು 2006ರಲ್ಲಿ. ನಮ್ಮವರು ಅದಕ್ಕೂ ಮೊದಲೇ ತಂತಿ ಎಳೆದಿದ್ದರು.

ನೀವು ಕಂಪನಿಯವರ ಕಾಲು ಹಿಡಿದು ‘ಸ್ವಾಮಿ, ಐದು ನಿಮಿಷ ನಮ್ಮ ಊರಿನ ಮಾತಾಡಿ’ ಎಂದು ಯಾಕೆ ಬೇಡಬೇಕು? ಸಮುದಾಯ ಬಾನುಲಿ ಮಾಡಿ.

ಹಳೆಯ ಮರ್ಫಿ:

ನಮ್ಮ ತುಮಕೂರಿನಲ್ಲೂ ರೇಡಿಯೋ ಸಿದ್ಧಾರ್ಥ ಇದೆ, 90.8. ಕೇಳುತ್ತೇನೆ. ಆದರೆ ಸಮುದಾಯ ಬಾನುಲಿಗೆ 100 ವ್ಯಾಟ್‌ನ ಮಿತಿ, ಗೋಪುರ 30 ಮೀಟರ್. ಹತ್ತು ಹದಿನೈದು ಕಿಲೋಮೀಟರಿಗೆ ಉಸಿರು ಮುಗಿಯುತ್ತದೆ. ಶಿರಾ, ಪಾವಗಡಕ್ಕೆ ಹೇಗೆ ಮುಟ್ಟಬೇಕು?

ಫ್ಲೆಕ್ಸ್ ಅಂಗಡಿ:

ಮತ್ತೆ ದುಡ್ಡು. ಸಮುದಾಯ ಬಾನುಲಿಗೆ ಜಾಹೀರಾತು ಗಂಟೆಗೆ 7 ನಿಮಿಷ ಎಂದಿದ್ದದ್ದನ್ನು 2024ರಲ್ಲಿ 12 ನಿಮಿಷ ಮಾಡಿದರು. ಸರ್ಕಾರಿ ಜಾಹೀರಾತಿನ ದರ ಹತ್ತು ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಯಿತು. 74 ರೂಪಾಯಿಗೆ ಈಗ ಎರಡು ಮಸಾಲೆ ದೋಸೆ ಬರುವುದು ಕಷ್ಟ. ಸೇವೆ ಮಾಡುವವರು ಮಾಡಲಿ, ಕೈ ಮುಗಿಯುತ್ತೇನೆ. ನಡೆಸುವುದು ಬೇರೆ.

ಬೂದಿಕೋಟೆ ಬತೇರಿ:

ಕಾರ್ಯಕ್ರಮದಲ್ಲಿ ಅರ್ಧದಷ್ಟನ್ನು ಊರಿನವರೇ ಸೇರಿ ಮಾಡಬೇಕೆಂದು ಸಮುದಾಯ ಬಾನುಲಿಗೆ ಷರತ್ತು ಇದೆ. ಮೂರು ತಿಂಗಳ ಪ್ರಸಾರವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು. ಲಾಭವಿಲ್ಲದವರಿಗೆ ಇಷ್ಟು ಬಿಗಿ, ಲಾಭ ಮಾಡುವವರಿಗೆ ಶೇಕಡ 20, ಅದೂ ಸಡಿಲ. ಇದು ಯಾವ ನ್ಯಾಯ ಎಂದು ಕೇಳುತ್ತೇನೆ, ಅಷ್ಟೇ.

ಡೂಂಲೈಟ್ ವೃತ್ತ:

ಬತೇರಿ ಅಣ್ಣ ಹೇಳಿದ್ದು ನನ್ನ ತಲೆಯಲ್ಲಿ ಕುಳಿತಿದೆ. ಎರಡೂ ಬೇಕು ಎಂದುಕೊಳ್ಳೋಣ. ನಾನು ಸಚಿವಾಲಯಕ್ಕೆ ಒಂದು ಮನವಿ ಬರೆಯಬೇಕೆಂದಿದ್ದೇನೆ. ಶೇಕಡ 20 ಎಂಬ ಅಂಕಿಯನ್ನು ಹೆಚ್ಚಿಸಿ ಎಂದು ಕೇಳುವುದಿಲ್ಲ. ಕ್ಯೂಶೀಟ್ ಮೇಡಂ ಹೇಳಿದ ಮೇಲೆ ಶೇಕಡವಾರು ಲೆಕ್ಕದ ಮೇಲೆಯೇ ನನಗೆ ನಂಬಿಕೆ ಹೋಯಿತು. ಶೇಕಡ 50 ಎಂದರೂ ‘ಶುಭೋದಯ ಕೋಲಾರ’ ಎಂದು ಮುದ್ರಿಸಿ ತುಂಬಿಸುತ್ತಾರೆ. ನನ್ನ ಬೇಡಿಕೆ ಚಿಕ್ಕದು. ಯಾವ ಊರಿನ ಹೆಸರಿನಲ್ಲಿ ಪರವಾನಗಿಯೋ ಆ ಊರಿನಲ್ಲಿ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಒಬ್ಬ, ಸಂಜೆ ಐದರಿಂದ ಒಂಬತ್ತರವರೆಗೆ ಒಬ್ಬ, ನೇರವಾಗಿ ಮೈಕಿನ ಮುಂದೆ ಇರಬೇಕು. ಊರಿನವರು ಕರೆ ಮಾಡಿದರೆ ಎತ್ತಬೇಕು. ಉಳಿದ ಹೊತ್ತು ಬೆಂಗಳೂರಿನಿಂದಲೋ ದೆಹಲಿಯಿಂದಲೋ ಏನು ಬೇಕಾದರೂ ಹರಿಸಿಕೊಳ್ಳಲಿ. ಪೇಟೆ ಧಾರಣೆಯನ್ನು ವಾರ್ತೆಯಲ್ಲದ ಪಟ್ಟಿಗೆ ಸೇರಿಸಲಿ. ಮಳೆ, ಕೆರೆ, ಬೆಂಕಿ ಎಂದರೆ ರಾತ್ರಿ ಎರಡು ಗಂಟೆಗೂ ಜಿಲ್ಲಾಡಳಿತ ಕರೆದರೆ ನಿಲಯದ ಬಾಗಿಲು ತೆರೆಯುವ ಒಬ್ಬನ ಹೆಸರು, ಫೋನ್ ನಂಬರ್ ಕಚೇರಿಯ ಗೋಡೆಯ ಮೇಲೆ ಇರಲಿ.

ಕ್ಯೂಶೀಟ್:

ಒಂದು ಸೇರಿಸಿ. ನೇರಪ್ರಸಾರವೋ ಮುದ್ರಿಸಿದ್ದೋ ಎಂದು ಪರೀಕ್ಷಿಸಲು ಅಧಿಕಾರಿಗಳು ಬರಬೇಕಿಲ್ಲ. ದಿನಕ್ಕೆ ಮೂರು ಸಲ ಹೊರಗಿನ ಕರೆಯನ್ನು ಪ್ರಸಾರದಲ್ಲಿ ತೆಗೆದುಕೊಳ್ಳಲೇಬೇಕು ಎಂದು ಬರೆಯಿರಿ. ಮುದ್ರಿಸಿದ ಧ್ವನಿಗೆ ಫೋನ್ ಎತ್ತಲು ಬರುವುದಿಲ್ಲ.

ಕೈವಾರದ ಕಡೆಯವನು:

ಅಜ್ಜಿ ತೆಲುಗಿನಲ್ಲಿ ಮಾತಾಡಿದರೂ ಎತ್ತಬೇಕು, ಅದನ್ನೂ ಬರೆಯಿರಿ.

ಮಂಡಿ ಲೆಕ್ಕ:

ಬೆಳಿಗ್ಗೆ ಆರರವನಿಗೆ ದರ ನಾನು ಫೋನ್ ಮಾಡಿ ಹೇಳುತ್ತೇನೆ. ಧಣಿಗೆ ಗೊತ್ತಾಗದ ಹಾಗೆ ಧ್ವನಿ ಬದಲಿಸಿ.

ಫ್ಲೆಕ್ಸ್ ಅಂಗಡಿ:

ಎರಡು ಪಾಳಿ ಎಂದರೆ ಎರಡು ಸಂಬಳ, ರಜೆಗೆ ಮೂರನೆಯವನು. ಲೆಕ್ಕ ಹಾಕುತ್ತಿದ್ದೇನೆ. ಹಬ್ಬದ ತಿಂಗಳು ಪರವಾಗಿಲ್ಲ. ಆಷಾಢದಲ್ಲಿ ಸಾಯುತ್ತಾರೆ.

ಕ್ಯೂಶೀಟ್:

ಬೆಳಗಿನ ಪಾಳಿಗೆ ನಾನು ಬರುತ್ತೇನೆ. ತುಮಕೂರಾದರೆ ಅಮ್ಮನ ಮನೆಯಲ್ಲೇ ಇರಬಹುದು. ಬೆಂಗಳೂರಿನ ಸಂಬಳದ ಅರ್ಧಕ್ಕೂ ಒಪ್ಪಿಗೆ.

ಫ್ಲೆಕ್ಸ್ ಅಂಗಡಿ:

ಆಷಾಢದಲ್ಲೂ?

ಕ್ಯೂಶೀಟ್:

ಆಷಾಢದಲ್ಲಿ ಮುಂದಿನ ತಿಂಗಳು ಸೇರಿಸಿ ಕೊಡಿ ಅಣ್ಣ.